ಎಚ್‌ಡಿಎಂಐ ಚುಚ್ಚಿದ್ರೆ ಮಾನಿಟರ್‌ನಲ್ಲಿ ಬರೀ ನೋ ಸಿಗ್ನಲ್, ಹೋದ ವಾರದವರೆಗೂ ಚೆನ್ನಾಗೇ ಇತ್ತು

ಅರ್ಧಸ್ಕ್ರೀನ್

ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಕೂತಿದೀನಿ, ಯಾರಾದ್ರೂ ದಾರಿ ತೋರ್ಸಿ.

ಲ್ಯಾಪ್‌ಟಾಪ್ ಮೂರು ವರ್ಷದ್ದು, ಗೇಮಿಂಗ್ ಲ್ಯಾಪ್‌ಟಾಪ್ ಅಂತ ಮಾರ್ತಾರಲ್ಲ ಆ ಥರದ್ದು, ಗೇಮ್ ಆಡೋದು ಅಷ್ಟಕ್ಕಷ್ಟೆ, ವಿಡಿಯೋ ಎಡಿಟಿಂಗ್‌ಗೆ ಅಂತ ತಗೊಂಡಿದ್ದು. ವಿಂಡೋಸ್ 11. ಟೇಬಲ್ ಮೇಲೆ 27 ಇಂಚಿನ 4ಕೆ ಮಾನಿಟರ್ ಇದೆ, ಎಚ್‌ಡಿಎಂಐ ಕೇಬಲ್‌ನಲ್ಲಿ ಹಾಕ್ಕೊಂಡು ಟೈಮ್‌ಲೈನ್ ದೊಡ್ಡದ್ರಲ್ಲಿ, ಫೈಲ್‌ಗಳೆಲ್ಲಾ ಚಿಕ್ಕದ್ರಲ್ಲಿ ಇಟ್ಕೊಂಡು ಕೆಲ್ಸ ಮಾಡೋದು ರೂಢಿ. ನಾಲ್ಕೈದು ದಿನ ಮನೇಲಿರ್ಲಿಲ್ಲ, ಲ್ಯಾಪ್‌ಟಾಪ್ ಮಾತ್ರ ಜೊತೆಗೆ ತಗೊಂಡು ಹೋಗಿದ್ದೆ, ಮಾನಿಟರ್ ಮನೇಲೇ ಇತ್ತು. ವಾಪಸ್ ಬಂದು ಕೇಬಲ್ ಚುಚ್ಚಿದ್ರೆ ಮಾನಿಟರ್ ನೋ ಸಿಗ್ನಲ್ ಅಂತ ಒಂದು ಡಬ್ಬಿ ತೋರ್ಸಿ ಮಲಗ್ಬಿಡುತ್ತೆ. ಲ್ಯಾಪ್‌ಟಾಪ್ ಕಡೆ ಅಂತೂ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂತಿರುತ್ತೆ. ಮೊದ್ಲು ಚುಚ್ಚಿದ ತಕ್ಷಣ ಸ್ಕ್ರೀನ್ ಒಂದ್ಸಲ ಕಪ್ಪಾಗಿ ವಾಪಸ್ ಬರ್ತಿತ್ತು, ಟಣ್ ಅಂತ ಸೌಂಡ್ ಬರ್ತಿತ್ತು, ಈಗ ಅದ್ಯಾವುದೂ ಇಲ್ಲ.

ಮಾಡಿ ನೋಡಿದ್ದು ಹೇಳ್ತೀನಿ, ಮತ್ತೆ ಅದನ್ನೇ ಹೇಳ್ಬೇಡಿ ಪ್ಲೀಸ್. ಬೇರೆ ಎರಡು ಕೇಬಲ್ ಹಾಕಿದೆ. ಹತ್ತು ಸಲ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್, ಎಕ್ಸ್‌ಟೆಂಡ್ ಎಲ್ಲಾ ಒತ್ತಿದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಡಿಟೆಕ್ಟ್ ಬಟನ್ ಒತ್ತಿದ್ರೆ ಬೇರೆ ಡಿಸ್‌ಪ್ಲೇ ಸಿಗ್ಲಿಲ್ಲ ಅನ್ನುತ್ತೆ. ಡ್ರೈವರ್ ಹಳೇದಾಗಿರ್ಬೋದು ಅಂತ ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರ್ಸೋ ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್) ಹೊಸದು ಇಳಿಸ್ಕೊಂಡು ಹಾಕೋಕೆ ಹೋದೆ, ಅದೇನೋ ಹೊಂದೋ ಹಾರ್ಡ್‌ವೇರ್ ಸಿಗ್ತಿಲ್ಲ ಅಂತ ಹೇಳಿ ಅರ್ಧಕ್ಕೇ ನಿಂತೋಯ್ತು, ತಪ್ಪು ಫೈಲ್ ಇಳಿಸ್ಕೊಂಡಿರ್ತೀನಿ ಬಿಡು ಅಂತ ಸುಮ್ನಾದೆ. ಸೆಟ್ಟಿಂಗ್ ಏನೂ ಮುಟ್ಟಿಲ್ಲ, ಬಿದ್ದಿಲ್ಲ, ನೀರು ಚೆಲ್ಲಿಲ್ಲ. ಪೋರ್ಟೇ ಹೋಯ್ತಾ ಅಂತ ಭಯ ಆಗ್ತಿದೆ. ಈ 15 ಇಂಚಿನ ಸ್ಕ್ರೀನ್‌ನಲ್ಲಿ ಟೈಮ್‌ಲೈನ್ ನೋಡಿ ನೋಡಿ ಕಣ್ಣು ಉರೀತಿದೆ.

ವೈರ್‌ಬುಟ್ಟಿ

ಗಾಬರಿ ಬೇಡ, ಪೋರ್ಟ್ ಹೋಗೋದು ಅಷ್ಟು ಸುಲಭ ಅಲ್ಲ. ಆದ್ರೆ ನೀವು ಮಾಡಿರೋ ಟೆಸ್ಟ್‌ಗಳಲ್ಲಿ ಒಂದು ತೊಂದ್ರೆ ಇದೆ, ಮೂರು ಕೇಬಲ್ ಬದಲಾಯಿಸಿದ್ರಿ ಸರಿ, ಆದ್ರೆ ಎರಡು ತುದಿಯಲ್ಲಿ ಇರೋ ಲ್ಯಾಪ್‌ಟಾಪು ಮಾನಿಟರು ಅವೇ ಅಲ್ವಾ. ಈಗ ತಪ್ಪು ಯಾವ ಕಡೆ ಇದೆ ಅಂತ ಗೊತ್ತಾಗ್ಬೇಕು, ಅಷ್ಟು ಗೊತ್ತಾದ್ರೆ ಅರ್ಧ ಕೆಲ್ಸ ಮುಗೀತು.

ಎಚ್‌ಡಿಎಂಐ ಹೇಗೆ ಮಾತಾಡುತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇದು ತಿಳ್ಕೊಂಡ್ರೆ ಸುಮ್ನೆ ಎಲ್ಲಾ ಬಟನ್ ಒತ್ತೋದು ತಪ್ಪುತ್ತೆ. ಆ ಕನೆಕ್ಟರ್‌ನಲ್ಲಿ 19 ಪಿನ್ ಇದಾವೆ. ಚಿತ್ರ ಹೋಗೋ ಪಿನ್‌ಗಳು ಬೇರೆ, ಅದಕ್ಕಿಂತ ಮೊದ್ಲು ಒಂದು ಪರಿಚಯ ಮಾಡ್ಕೊಳೋ ಶಾಸ್ತ್ರ ನಡೆಯುತ್ತೆ. ಲ್ಯಾಪ್‌ಟಾಪ್ 18ನೇ ಪಿನ್‌ನಲ್ಲಿ 5 ವೋಲ್ಟ್ ಕಳ್ಸುತ್ತೆ, ಮಾನಿಟರ್ ಅದನ್ನ ನೋಡಿ 19ನೇ ಪಿನ್ ಎತ್ತುತ್ತೆ, ನಾನಿಲ್ಲಿದೀನಿ ಅಂತ ಕೈ ಎತ್ತಿದ ಹಾಗೆ, ಇದಕ್ಕೇ ಹಾಟ್ ಪ್ಲಗ್ ಡಿಟೆಕ್ಟ್ ಅನ್ನೋದು. ಆಮೇಲೆ ಲ್ಯಾಪ್‌ಟಾಪ್ 15, 16ನೇ ಪಿನ್ ಮೂಲಕ ಮಾನಿಟರ್‌ನ ಜಾತಕ ಕೇಳುತ್ತೆ, ಏನು ಹೆಸ್ರು, ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತೆ. ಆ ಜಾತಕದ ಹೆಸ್ರು ಎಡಿಡ್, ಮೊದಲ ಭಾಗ ಬರೀ 128 ಬೈಟ್. ಇಷ್ಟು ಆದ್ಮೇಲೇ ಚಿತ್ರ ಕಳ್ಸೋ ಮಾತು. ನಿಮಗೆ ಟಣ್ ಸೌಂಡೂ ಇಲ್ಲ, ಡಿಟೆಕ್ಟ್ ಒತ್ತಿದ್ರೂ ಇಲ್ಲ ಅಂದ್ರೆ ಈ ಪರಿಚಯವೇ ನಡೀತಿಲ್ಲ. ಹಾಗಾಗಿ ರೆಸಲ್ಯೂಷನ್ನು, ಹರ್ಟ್ಸು, ಎಕ್ಸ್‌ಟೆಂಡು ಅವೆಲ್ಲಾ ಈಗ ಬಿಟ್ಬಿಡಿ. ರೆಸಲ್ಯೂಷನ್ ತೊಂದ್ರೆ ಆಗಿದ್ರೆ ಮಾನಿಟರ್ ಸಾಮಾನ್ಯವಾಗಿ ಔಟ್ ಆಫ್ ರೇಂಜ್ ಅಂತಲೋ ಇನ್‌ಪುಟ್ ನಾಟ್ ಸಪೋರ್ಟೆಡ್ ಅಂತಲೋ ಬಯ್ಯುತ್ತೆ, ನೋ ಸಿಗ್ನಲ್ ಅನ್ನಲ್ಲ.

ಈಗ ಹೀಗೆ ಮಾಡಿ. ಮೊದ್ಲು ಮಾನಿಟರ್‌ನ ಕರೆಂಟ್ ವೈರನ್ನ ಗೋಡೆಯಿಂದಲೇ ಕಿತ್ತು ಒಂದೈದು ನಿಮಿಷ ಬಿಡಿ, ಮುಂದಿನ ಬಟನ್ ಒತ್ತಿ ಆಫ್ ಮಾಡೋದು ಲೆಕ್ಕಕ್ಕಿಲ್ಲ. ಕೆಲವು ಮಾನಿಟರ್‌ಗಳು ಸ್ಲೀಪ್‌ಗೆ ಹೋಗಿ ಅಲ್ಲೇ ಹ್ಯಾಂಗ್ ಆಗಿರ್ತವೆ, ಹೊರಗಡೆ ಲೈಟ್ ಉರೀತಿರುತ್ತೆ ಒಳಗಡೆ ಎಡಿಡ್ ಕೇಳಿದ್ರೆ ಉತ್ತರ ಕೊಡಲ್ಲ. ಆಮೇಲೆ ಮಾನಿಟರ್ ಮೆನುನಲ್ಲಿ ಇನ್‌ಪುಟ್ ನೀವು ಚುಚ್ಚಿರೋ ಎಚ್‌ಡಿಎಂಐಯೇನಾ ನೋಡಿ, ಒಂದು ಎರಡು ಅಂತ ಇರ್ತವೆ. ನಗ್ಬೇಡಿ, ನಾನೇ ಒಂದ್ಸಲ ಅರ್ಧ ದಿನ ಇದ್ರಲ್ಲಿ ಕಳ್ದಿದೀನಿ. ಆಮೇಲೆ ಅದೇ ಕೇಬಲ್ ಅದೇ ಮಾನಿಟರ್‌ಗೆ ಬೇರೆ ಏನಾದ್ರೂ ಹಾಕಿ, ಸೆಟ್ ಟಾಪ್ ಬಾಕ್ಸ್ ಆದ್ರೂ ಪರ್ವಾಗಿಲ್ಲ. ಕೊನೇಲಿ ಲ್ಯಾಪ್‌ಟಾಪನ್ನ ಟಿವಿಗೆ ಹಾಕಿ. ಇಷ್ಟು ಮಾಡಿ ಬಂದು ಹೇಳಿ.

ಇನ್ನೊಂದು, ಲ್ಯಾಪ್‌ಟಾಪನ್ನ ಶಟ್‌ಡೌನ್ ಮಾಡಿ ಚಾರ್ಜರ್ ಕಿತ್ತು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡ್ದು ಆಮೇಲೆ ಆನ್ ಮಾಡಿ. ಅರ್ಧಂಬರ್ಧ ಉಳ್ಕೊಂಡಿರೋ ಸ್ಥಿತಿ ಏನಾದ್ರೂ ಇದ್ರೆ ತೊಳ್ದು ಹೋಗುತ್ತೆ.

ಅರ್ಧಸ್ಕ್ರೀನ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಲ್ಲಾ ಮಾಡ್ದೆ. ಮಾನಿಟರ್ ಕರೆಂಟ್ ಕಿತ್ತು ಹಾಕ್ದೆ, ಏನೂ ಬದಲಾಗ್ಲಿಲ್ಲ. ಇನ್‌ಪುಟ್ ಸರಿ ಇತ್ತು. ಸೆಟ್ ಟಾಪ್ ಬಾಕ್ಸ್ ತಂದು ಅದೇ ಕೇಬಲ್‌ನಲ್ಲಿ ಮಾನಿಟರ್‌ಗೆ ಹಾಕಿದ್ರೆ ಜಗ್ ಅಂತ ಬಂತು! ಲ್ಯಾಪ್‌ಟಾಪನ್ನ ಟಿವಿಗೆ ಹಾಕಿದ್ರೆ ಟಿವಿಯಲ್ಲೂ ಏನಿಲ್ಲ. 30 ಸೆಕೆಂಡ್ ಒತ್ತಿದ್ದೂ ಆಯ್ತು. ಅಂದ್ರೆ ಲ್ಯಾಪ್‌ಟಾಪೇ ಕಳ್ಳ ಅಂತಾಯ್ತು ಅಲ್ವಾ?

ಸೋಲ್ಡರ್‌ಕಡ್ಡಿ

ಹೌದು, ಕಳ್ಳ ಸಿಕ್ಕಿಬಿದ್ದ. ನಾನು ಬೋರ್ಡ್ ರಿಪೇರಿ ಮಾಡ್ತೀನಿ, ದಿನಾ ನೋಡೋದೇ ಇದು. ಜನ ಲ್ಯಾಪ್‌ಟಾಪ್ ಆನ್ ಇರೋವಾಗ್ಲೇ ಕೇಬಲ್ ಎಳೀತಾರೆ, ಚುಚ್ತಾರೆ, ದಪ್ಪ ಕೇಬಲ್ ಟೇಬಲ್‌ನಿಂದ ಕೆಳಗೆ ಜೋತಾಡ್ತಾ ಇರುತ್ತೆ, ಅದರ ಭಾರ ಪೂರ್ತಿ ಕನೆಕ್ಟರ್ ಮೇಲೆ. ಕ್ರಮೇಣ ಬೆಸುಗೆ ಬಿಡುತ್ತೆ. ಒಂದೇ ಒಂದು ಪಿನ್ ಬಿಟ್ರೂ ಸಾಕು, ಅದು 19ನೇದಾಗಿದ್ರಂತೂ ಲ್ಯಾಪ್‌ಟಾಪ್‌ಗೆ ಮಾನಿಟರ್ ಇದೆ ಅಂತಾನೇ ಗೊತ್ತಾಗಲ್ಲ, ಥೇಟ್ ನಿಮ್ಮ ಕೇಸ್. ಇನ್ನೊಂದು ಸ್ಟಾಟಿಕ್, ಚುಚ್ಚೋವಾಗ ಚಟ್ ಅಂತ ಒಂದು ಕಿಡಿ, ಪೋರ್ಟ್ ಪಕ್ಕದ ರಕ್ಷಣೆಯ ಚಿಪ್ ಹೋಯ್ತು.

ಟಾರ್ಚ್ ಹಾಕಿ ಪೋರ್ಟ್ ಒಳಗೆ ನೋಡಿ, ಪಿನ್ ಬಾಗಿದ್ಯಾ, ನಾಲಿಗೆ ಥರ ಇರೋ ಪ್ಲಾಸ್ಟಿಕ್ ಮುರಿದಿದ್ಯಾ. ಕೇಬಲ್ ಹಾಕಿ ಮೆಲ್ಲಗೆ ಮೇಲೆ ಕೆಳಗೆ ಒತ್ತಿ ನೋಡಿ, ಒಂದು ಕ್ಷಣ ಏನಾದ್ರೂ ಬಂದು ಹೋದ್ರೆ ಬೆಸುಗೆ ಅಂತ ಲೆಕ್ಕ. ಜೋರಾಗಿ ಒತ್ತಬೇಡಿ ಮತ್ತೆ, ಇರೋದೂ ಹೋಗುತ್ತೆ. ಆಮೇಲೆ ಲ್ಯಾಪ್‌ಟಾಪ್ ಆನ್ ಆಗೋವಾಗ ಬಯೋಸ್ ಒಳಗೆ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚೆ ಬರೋ ಸೆಟಪ್ ಸ್ಕ್ರೀನ್‌ಗೆ ಹೋಗಿ, ಆಗ ಮಾನಿಟರ್‌ನಲ್ಲಿ ಬರುತ್ತಾ ನೋಡಿ. ಬಯೋಸ್‌ನಲ್ಲಿ ವಿಂಡೋಸೂ ಇಲ್ಲ ಡ್ರೈವರೂ ಇಲ್ಲ, ಅಲ್ಲೂ ಬರ್ಲಿಲ್ಲ ಅಂದ್ರೆ ಹಾರ್ಡ್‌ವೇರೇ, ಬೇರೆ ಮಾತಿಲ್ಲ.

ಅರ್ಧಸ್ಕ್ರೀನ್

ಅಯ್ಯೋ. ಬಯೋಸ್‌ನಲ್ಲೂ ಬರ್ಲಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಪಿನ್ ಎಲ್ಲಾ ನೆಟ್ಟಗಿರೋ ಹಾಗೆ ಕಾಣುತ್ತೆ, ಕೇಬಲ್ ಅಲ್ಲಾಡ್ಸಿದ್ರೂ ಏನೂ ಆಗ್ಲಿಲ್ಲ.

ಒಂದು ವಿಷಯ, ತಂಗಿ ಹತ್ರ ಟೈಪ್ ಸಿ ಯಿಂದ ಎಚ್‌ಡಿಎಂಐಗೆ ಹೋಗೋ ಸಣ್ಣ ಅಡಾಪ್ಟರ್ ಇತ್ತು, ಈಗಷ್ಟೇ ಇಸ್ಕೊಂಡು ಲ್ಯಾಪ್‌ಟಾಪ್‌ನ ಟೈಪ್ ಸಿ ಪೋರ್ಟ್‌ಗೆ ಹಾಕ್ದೆ, ಮಾನಿಟರ್ ಬಂತು!! ಖುಷಿ ಪಡ್ಬೇಕೋ ಅಳ್ಬೇಕೋ ಗೊತ್ತಾಗ್ತಿಲ್ಲ. ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತಿದೆ ಅಂತ ಕನ್ಫರ್ಮ್ ಆದ ಹಾಗಲ್ವಾ ಇದು?

ಸೋಲ್ಡರ್‌ಕಡ್ಡಿ

ಅದೇ ನಾನು ಹೇಳಿದ್ದು. ಒಂದೋ ಪೋರ್ಟ್ ಬದಲಾಯಿಸೋಕೆ ಕೊಡಿ, ಇಲ್ಲ ಟೈಪ್ ಸಿ ಅಡಾಪ್ಟರ್ ಒಂದು ತಗೊಂಡು ಎಚ್‌ಡಿಎಂಐ ಮರೆತ್ಬಿಡಿ. ನಾನಾಗಿದ್ರೆ ಎರಡನೇದೇ ಮಾಡ್ತಿದ್ದೆ.

ಟೈಪ್‌ಸಿ_ಗೊಂದಲ

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು ಇದರ ಉಲ್ಟಾ ಸಮಸ್ಯೆ, ಮಾನಿಟರ್‌ನಲ್ಲೇ ಟೈಪ್ ಸಿ ಇದೆ, ಲ್ಯಾಪ್‌ಟಾಪ್‌ನಲ್ಲೂ ಇದೆ, ಫೋನ್ ಚಾರ್ಜರ್ ಜೊತೆ ಬಂದ ಕೇಬಲ್ ಹಾಕಿದ್ರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತೆ ಆದ್ರೆ ಚಿತ್ರ ಬರಲ್ಲ. ಯಾಕಿರ್ಬೋದು?

ವೈರ್‌ಬುಟ್ಟಿ

ಉತ್ತರ ನಿಮ್ಮ ಪ್ರಶ್ನೇಲೇ ಇದೆ, ಫೋನ್ ಚಾರ್ಜರ್ ಜೊತೆ ಬಂದ ಕೇಬಲ್. ಟೈಪ್ ಸಿ ಕನೆಕ್ಟರ್‌ನಲ್ಲಿ 24 ಪಿನ್‌ಗೆ ಜಾಗ ಇದೆ, ಆದ್ರೆ ಚಾರ್ಜಿಂಗ್ ಕೇಬಲ್ ಒಳಗೆ ಅಷ್ಟೂ ವೈರ್ ಎಳೆದಿರಲ್ಲ. ಪವರ್ ಮತ್ತೆ ಹಳೇ ಯುಎಸ್‌ಬಿ 2.0 ಗೆ ಬೇಕಾದಷ್ಟು ಮಾತ್ರ, ಅಂದ್ರೆ ಸೆಕೆಂಡಿಗೆ 480 ಮೆಗಾಬಿಟ್. ಚಿತ್ರ ಹೋಗೋ ವೇಗದ ಜೋಡಿ ವೈರ್‌ಗಳೇ ಅದ್ರಲ್ಲಿರಲ್ಲ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ, ಅದೇ ದೊಡ್ಡ ಮೋಸ. ಮಾನಿಟರ್ ಡಬ್ಬಿಯಲ್ಲಿ ಬಂದ ಕೇಬಲ್ ಹುಡುಕಿ ಹಾಕಿ. ಅದ್ರಲ್ಲೂ ಬರ್ಲಿಲ್ಲ ಅಂದ್ರೆ ನಿಮ್ಮ ಲ್ಯಾಪ್‌ಟಾಪ್‌ನ ಆ ಪೋರ್ಟ್‌ಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದ್ರೆ ಟೈಪ್ ಸಿ ಯಲ್ಲೇ ಚಿತ್ರ ಕಳ್ಸೋ ಸೌಲಭ್ಯ ಇದ್ಯಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡ್ಬೇಕು, ಎಲ್ಲಾ ಟೈಪ್ ಸಿ ಪೋರ್ಟ್‌ಗೂ ಇರಲ್ಲ. ಮುಂದೆ ಏನಾದ್ರೂ ಇದ್ರೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಕಲಸುಮೇಲೋಗರ ಆಗುತ್ತೆ.

ಹಿಂದಿನಬೆಂಚು

ಅರ್ಧಸ್ಕ್ರೀನ್ ಅವರೇ, ಪೋರ್ಟ್ ಬದಲಾಯಿಸೋಕೆ ಯಾರ ಕೈಗೂ ಕೊಡ್ಬೇಡಿ ಸದ್ಯಕ್ಕೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಯ್ತು ಇದು. ನಿಮ್ಮ ಮೊದಲನೇ ಪೋಸ್ಟ್‌ನಲ್ಲಿ ಒಂದು ಸಾಲು ಇದೆ, ಅದನ್ನ ಯಾರೂ ಗಮನಿಸ್ಲಿಲ್ಲ, ನೀವೂ ಸುಮ್ನೆ ದಾಟಿ ಹೋಗಿದೀರಿ. ಗ್ರಾಫಿಕ್ಸ್ ಡ್ರೈವರ್ ಹಾಕೋಕೆ ಹೋದ್ರೆ ಹೊಂದೋ ಹಾರ್ಡ್‌ವೇರ್ ಸಿಗ್ತಿಲ್ಲ ಅಂದಿದೆ. ನೀವು ಇಳಿಸಿದ ಫೈಲ್ ಸರಿಯಾದದ್ದೇ ಆಗಿದ್ರೆ?

ನಿಮ್ಮದು ಗೇಮಿಂಗ್ ಥರದ ಲ್ಯಾಪ್‌ಟಾಪ್. ಅದ್ರಲ್ಲಿ ಗ್ರಾಫಿಕ್ಸ್ ಚಿಪ್ ಎರಡು ಇರುತ್ತೆ. ಒಂದು ಪ್ರೊಸೆಸರ್ ಜೊತೇಲೇ ಇರೋ ಸಣ್ಣದು, ಇನ್ನೊಂದು ದೊಡ್ಡದು, ಪ್ರತ್ಯೇಕವಾಗಿ ಕೂತಿರೋದು. ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನು ಸಾಮಾನ್ಯವಾಗಿ ಸಣ್ಣದಕ್ಕೆ ಅಂಟ್ಕೊಂಡಿರುತ್ತೆ. ದೊಡ್ಡದು ಏನಾದ್ರೂ ಬಿಡಿಸಿದ್ರೂ ಆ ಚಿತ್ರವನ್ನ ಸಣ್ಣದಕ್ಕೆ ದಾಟಿಸಿ ಅದು ಸ್ಕ್ರೀನ್‌ಗೆ ಕೊಡುತ್ತೆ. ಆದ್ರೆ ಪಕ್ಕದಲ್ಲಿರೋ ಎಚ್‌ಡಿಎಂಐ ಪೋರ್ಟ್ ಯಾವುದಕ್ಕೆ ಅಂಟಿದೆ ಅನ್ನೋದು ಬೋರ್ಡ್ ಮಾಡಿದವರ ಇಷ್ಟ. ಈ ಥರದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಕಡೆ ಅದನ್ನ ನೇರವಾಗಿ ದೊಡ್ಡ ಚಿಪ್‌ಗೇ ಎಳೆದಿರ್ತಾರೆ. ಆ ದೊಡ್ಡ ಚಿಪ್ ಯಾವುದೋ ಕಾರಣಕ್ಕೆ ಮಲಗಿದ್ರೆ, ಡ್ರೈವರ್ ಬಿದ್ದುಹೋಗಿದ್ರೆ, ಅಥ್ವಾ ಪೂರ್ತಿ ಆಫ್ ಆಗಿದ್ರೆ, ಲ್ಯಾಪ್‌ಟಾಪ್ ಸ್ಕ್ರೀನು ಏನೂ ಆಗಿಲ್ಲ ಅನ್ನೋ ಹಾಗೆ ನಡೀತಿರುತ್ತೆ, ಎಚ್‌ಡಿಎಂಐ ಮಾತ್ರ ಹೆಣ. ಕೇಬಲ್‌ನ ಆ ಕಡೆ ಯಾರಿದಾರೆ ಅಂತ ಎಲ್ರೂ ನೋಡಿದ್ರು, ಪೋರ್ಟ್‌ನ ಒಳಗಡೆ ಯಾರಿದಾರೆ ಅಂತ ಯಾರೂ ಕೇಳ್ಲಿಲ್ಲ.

ನಿಮ್ಮ ಟೈಪ್ ಸಿ ನಡೀತಿರೋದೂ ಇದಕ್ಕೆ ಸರಿಯಾಗೇ ಹೊಂದುತ್ತೆ, ಅದು ಸಣ್ಣ ಚಿಪ್‌ಗೆ ಅಂಟಿರ್ಬೋದು.

ಬಯೋಸ್ ಟೆಸ್ಟ್ ವಿಷ್ಯಕ್ಕೆ ಬಂದ್ರೆ, ಸೋಲ್ಡರ್‌ಕಡ್ಡಿ ಅವರೇ ಬೇಜಾರು ಮಾಡ್ಕೋಬೇಡಿ, ಆ ಟೆಸ್ಟ್ ಒಂದು ಕಡೆಗೆ ಮಾತ್ರ ನಂಬೋದು. ಬಯೋಸ್‌ನಲ್ಲಿ ಮಾನಿಟರ್ ಬಂದ್ರೆ ಪೋರ್ಟ್ ಚೆನ್ನಾಗಿದೆ ಅಂತ ಖಚಿತ. ಬರ್ಲಿಲ್ಲ ಅಂದ್ರೆ ಏನೂ ಖಚಿತ ಇಲ್ಲ, ಎಷ್ಟೋ ಲ್ಯಾಪ್‌ಟಾಪ್‌ಗಳು ಬಯೋಸ್ ಅನ್ನ ಸ್ವಂತ ಸ್ಕ್ರೀನ್‌ನಲ್ಲಿ ಮಾತ್ರ ತೋರಿಸ್ತವೆ, ಚಿಪ್ಪೇ ಆಫ್ ಇದ್ರಂತೂ ಕೇಳೋದೇ ಬೇಡ.

ಈಗ ಒಂದೇ ಕೆಲ್ಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್‌ಗೆ ಹೋಗಿ, ಎಡಗಡೆ ಪಟ್ಟಿಯಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್‌ನ ಇನ್ನೊಂದು ಹೆಸ್ರು) 0 ಅಂತ ಒಂದೇ ಇದ್ಯಾ, ಜಿಪಿಯು 1 ಅಂತ ಇನ್ನೊಂದೂ ಇದ್ಯಾ ಹೇಳಿ. ಹಾಗೇ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಎಷ್ಟು ಹೆಸರಿದೆ ನೋಡಿ.

ಅರ್ಧಸ್ಕ್ರೀನ್

ಒಂದೇ ಇದೆ!! ಜಿಪಿಯು 0 ಮಾತ್ರ. ಡಿವೈಸ್ ಮ್ಯಾನೇಜರ್‌ನಲ್ಲೂ ಒಂದೇ ಹೆಸ್ರು, ಪ್ರೊಸೆಸರ್ ಜೊತೆ ಬರೋದು. ಹಳದಿ ಗುರುತು ಏನಿಲ್ಲ. ಎರಡು ಇರ್ತಿತ್ತು ನಂಗೆ ಚೆನ್ನಾಗಿ ನೆನಪಿದೆ, ಎಡಿಟಿಂಗ್ ಮಾಡೋವಾಗ ಜಿಪಿಯು 1 ಏರೋದು ನೋಡ್ತಾ ಕೂರ್ತಿದ್ದೆ. ಈಗ ಹೊಳೀತು, ವಾಪಸ್ ಬಂದಾಗಿಂದ ಎಕ್ಸ್‌ಪೋರ್ಟ್ ನಿಧಾನ ಆಗಿದೆ ಅಂತ ಅನ್ಸಿತ್ತು, ಫೈಲ್ ದೊಡ್ಡದಿದೆ ಅಂದ್ಕೊಂಡೆ. ದೊಡ್ಡ ಚಿಪ್ ಸತ್ತೇ ಹೋಯ್ತಾ? ಇದು ಪೋರ್ಟ್‌ಗಿಂತ ಕೆಟ್ಟದ್ದಲ್ವಾ??

ಹಿಂದಿನಬೆಂಚು

ತಾಳಿ ತಾಳಿ. ಸತ್ತಿರ್ಲೂಬಹುದು, ಆದ್ರೆ ಕೆಟ್ಟಿರೋ ಚಿಪ್ ಸಾಮಾನ್ಯವಾಗಿ ಹಳದಿ ಗುರುತು ಹಾಕ್ಕೊಂಡು, ಎರರ್ ಕೋಡ್ ಕೊಟ್ಟು, ನೀಲಿ ಸ್ಕ್ರೀನ್ ತೋರಿಸಿ ರಂಪ ಮಾಡುತ್ತೆ. ಹೀಗೆ ಸದ್ದಿಲ್ಲದೆ ಪಟ್ಟಿಯಿಂದಲೇ ಮಾಯ ಆಗಿದೆ ಅಂದ್ರೆ ಯಾರೋ ಅದನ್ನ ಆಫ್ ಮಾಡಿರೋ ಸಾಧ್ಯತೆ ಜಾಸ್ತಿ. ಲ್ಯಾಪ್‌ಟಾಪ್ ಜೊತೆ ಬಂದ ಕಂಪನಿ ಆ್ಯಪ್ ಇರುತ್ತಲ್ಲ, ಫ್ಯಾನು, ಕೀಬೋರ್ಡ್ ಲೈಟು ಎಲ್ಲಾ ಬದಲಾಯಿಸೋದು, ಅದನ್ನ ತೆಗ್ದು ಜಿಪಿಯು ಮೋಡ್ ಅಂತಲೋ ಗ್ರಾಫಿಕ್ಸ್ ಮೋಡ್ ಅಂತಲೋ ಏನಾದ್ರೂ ಇದ್ಯಾ ನೋಡಿ. ಇಕೋ, ಐಜಿಪಿಯು ಓನ್ಲಿ (ಸಣ್ಣ ಚಿಪ್ ಮಾತ್ರ), ಹೈಬ್ರಿಡ್, ಸ್ಟ್ಯಾಂಡರ್ಡ್, ಹೀಗೆ ಒಬ್ಬೊಬ್ರು ಒಂದೊಂದು ಹೆಸ್ರು ಇಟ್ಟಿರ್ತಾರೆ. ಪ್ರವಾಸ ಹೋಗಿದ್ದೆ ಅಂದ್ರಲ್ಲ, ಆಗ ಬ್ಯಾಟರಿ ಉಳಿಸೋಕೆ ಏನಾದ್ರೂ ಒತ್ತಿದ್ರಾ, ಜ್ಞಾಪಿಸ್ಕೊಳ್ಳಿ.

ಅರ್ಧಸ್ಕ್ರೀನ್

ನಾನು ಈಗ ಮುಖ ಎಲ್ಲಿಟ್ಕೊಳ್ಲಿ.

ಇಕೋ ಮೋಡ್ ಆನ್ ಇತ್ತು. ನಾನೇ ಹಾಕಿದ್ದು. ಹೊರಡೋ ಹಿಂದಿನ ರಾತ್ರಿ ಬ್ಯಾಟರಿ ಎರಡು ಗಂಟೆನೂ ಬರಲ್ಲ ಅಂತ ಬಯ್ಕೊಂಡು ಆ ಆ್ಯಪ್ ತೆಗ್ದು ಎಲೆಯ ಚಿತ್ರ ಇರೋ ಒಂದು ಬಟನ್ ಒತ್ತಿದ್ದೆ, ಬ್ಯಾಟರಿನೂ ಚೆನ್ನಾಗೇ ಬಂತು, ಖುಷಿಯಾಗಿ ಅದನ್ನ ಮರ್ತೇಬಿಟ್ಟೆ. ಮೇಲೆ ಸೆಟ್ಟಿಂಗ್ ಏನೂ ಮುಟ್ಟಿಲ್ಲ ಅಂತ ಬೇರೆ ಬರ್ದಿದೀನಿ. ಅಲ್ಲಾ, ಅದೂ ಒಂದು ಸೆಟ್ಟಿಂಗ್ ಅಂತ ತಲೆಗೇ ಬರ್ಲಿಲ್ಲ ನಂಗೆ, ಸೆಟ್ಟಿಂಗ್ ಅಂದ್ರೆ ವಿಂಡೋಸ್ ಸೆಟ್ಟಿಂಗ್ ಅಷ್ಟೇ ಅಂದ್ಕೊಂಡಿದ್ದೆ.

ಅದನ್ನ ಸ್ಟ್ಯಾಂಡರ್ಡ್‌ಗೆ ಬದಲಾಯಿಸ್ದೆ, ಒಂದರ್ಧ ನಿಮಿಷ ತಗೊಂಡ್ತು, ಸ್ಕ್ರೀನ್ ಮಿಣುಕ್ ಅಂತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 1 ಬಂದು ಕೂತ್ಕೊಂತು. ಎಚ್‌ಡಿಎಂಐ ಕೇಬಲ್ ಅಲ್ಲೇ ಚುಚ್ಚಿತ್ತು, ನಾನು ಮುಟ್ಟೋಕೆ ಮುಂಚೆನೇ ಟಣ್ ಅಂತು!!! ಮಾನಿಟರ್ ಬಂತು!!! ಕೂಗಿದ್ದು ಕೇಳಿ ಒಳಗಿಂದ ತಂಗಿ ಓಡಿ ಬಂದ್ಲು.

ವೈರ್‌ಬುಟ್ಟಿ

ಹ್ಹಹ್ಹ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ವಿ. ಹಿಂದಿನಬೆಂಚು ಅವರೇ ಭಲೇ. ನಾನು ಪಿನ್ ಲೆಕ್ಕ ಹಾಕ್ತಾ ಕೂತೆ, ಡ್ರೈವರ್ ಸಾಲು ಓದಿದ್ದೂ ಓದದ ಹಾಗೆ ಹೋಗಿದೆ.

ಸೋಲ್ಡರ್‌ಕಡ್ಡಿ

ಸರಿ ಒಪ್ಕೊಂಡೆ, ಈ ಸಲ ನಂದು ತಪ್ಪು. ನನ್ ಟೇಬಲ್‌ಗೆ ಬರೋದೆಲ್ಲಾ ಕೆಟ್ಟಿರೋ ಬೋರ್ಡ್‌ಗಳೇ ಆದ್ರಿಂದ ಕಣ್ಣಿಗೆ ಎಲ್ಲಾ ಕೆಟ್ಟಿರೋ ಹಾಗೇ ಕಾಣುತ್ತೆ. ಆದ್ರೆ ಕೇಬಲ್ ಜೋತಾಡೋ ಮಾತು ಮಾತ್ರ ವಾಪಸ್ ತಗೊಳಲ್ಲ. ಟೇಬಲ್ ಕಾಲಿಗೆ ಒಂದು ಟ್ಯಾಗ್ ಹಾಕಿ ಕೇಬಲ್ ಕಟ್ಟಿ, ಭಾರ ಪೋರ್ಟ್ ಮೇಲೆ ಬೀಳದೆ ಇರ್ಲಿ.

ಅರ್ಧಸ್ಕ್ರೀನ್

ಕಟ್ತೀನಿ ಸಾರ್, ಇವತ್ತೇ ಕಟ್ತೀನಿ. ಇನ್ನೊಂದು ಸಣ್ಣ ಡೌಟು, ಕೇಳೇ ಬಿಡ್ತೀನಿ. ಎಚ್‌ಡಿಎಂಐನಲ್ಲಿ ಮಾನಿಟರ್ ಹಾಕಿದ್ರೆ ಸುಮ್ನೆ ಟೈಪ್ ಮಾಡ್ತಾ ಕೂತ್ರೂ ಫ್ಯಾನ್ ತಿರುಗ್ತಾನೇ ಇರುತ್ತೆ, ಮೊದ್ಲಿಂದಾನೂ ಹೀಗೇ. ತಂಗಿಯ ಅಡಾಪ್ಟರ್‌ನಲ್ಲಿ ಹಾಕಿದ್ದಾಗ ಸದ್ದೇ ಇರ್ಲಿಲ್ಲ. ಆದ್ರೆ ಅದ್ರಲ್ಲಿ ಮೌಸ್ ಎಳೆದ್ರೆ ತಡವರಿಸ್ಕೊಂಡು ಬರ್ತಿತ್ತು, ಟೈಮ್‌ಲೈನ್ ಸರಿಸಿದ್ರೆ ಕಣ್ಣಿಗೆ ಹಿಂಸೆ. ಯಾಕೆ ಹೀಗೆ?

ಹಿಂದಿನಬೆಂಚು

ಫ್ಯಾನ್ ಸದ್ದಿಗೂ ಕಾರಣ ಅದೇ ವೈರಿಂಗ್. ಎಚ್‌ಡಿಎಂಐ ದೊಡ್ಡ ಚಿಪ್‌ಗೆ ಅಂಟಿರೋದ್ರಿಂದ ಮಾನಿಟರ್ ಹಾಕಿರೋಷ್ಟು ಹೊತ್ತು ಅದು ನಿದ್ದೆ ಮಾಡೋ ಹಾಗಿಲ್ಲ, ಒಂದು ಅಕ್ಷರ ತೋರ್ಸೋಕೂ ಎದ್ದು ಕೂತಿರ್ಬೇಕು. ಬಿಸಿ ಏರುತ್ತೆ, ಫ್ಯಾನ್ ತಿರುಗುತ್ತೆ, ಚಾರ್ಜರ್ ಇಲ್ಲದೆ ಇದ್ರೆ ಬ್ಯಾಟರಿನೂ ಬೇಗ ಇಳಿಯುತ್ತೆ. ಟೈಪ್ ಸಿ ಸಣ್ಣ ಚಿಪ್‌ಗೆ ಅಂಟಿರೋದ್ರಿಂದ ಅಲ್ಲಿ ತಣ್ಣಗೆ. ಬರವಣಿಗೆ, ಈಮೇಲ್ ದಿನ ಟೈಪ್ ಸಿ, ಎಡಿಟಿಂಗ್ ದಿನ ಎಚ್‌ಡಿಎಂಐ ಅಂತ ಇಟ್ಕೊಳ್ಬೋದು.

ಯಾವ ಪೋರ್ಟ್ ಯಾವ ಚಿಪ್‌ಗೆ ಅಂತ ನನ್ನ ಮಾತು ನಂಬೋದೇನೂ ಬೇಡ, ಕಣ್ಣಾರೆ ನೋಡ್ಬೋದು. ಮಾನಿಟರ್ ಹಾಕ್ಕೊಂಡು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದ್ರೆ ಆ ಮಾನಿಟರ್ ಯಾವ ಗ್ರಾಫಿಕ್ಸ್‌ಗೆ ಕನೆಕ್ಟ್ ಆಗಿದೆ ಅಂತ ಹೆಸ್ರು ಬರ್ದಿರುತ್ತೆ. ದೊಡ್ಡ ಚಿಪ್ ಎನ್‌ವಿಡಿಯಾ ಆಗಿದ್ರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಪುಟದಲ್ಲಿ ಯಾವ ಸ್ಕ್ರೀನ್ ಯಾವ ಚಿಪ್ ಕೆಳಗಿದೆ ಅಂತ ಚಿತ್ರಾನೇ ಬಿಡಿಸಿ ತೋರ್ಸುತ್ತೆ.

ವೈರ್‌ಬುಟ್ಟಿ

ಮೌಸ್ ತಡವರಿಸೋದು ನಂಗೆ ಬಿಡಿ. ಅದೇ ಅಡ್ವಾನ್ಸ್ಡ್ ಡಿಸ್‌ಪ್ಲೇನಲ್ಲಿ ರಿಫ್ರೆಶ್ ರೇಟ್ ನೋಡಿ, ಅಡಾಪ್ಟರ್‌ನಲ್ಲಿ 30 ಹರ್ಟ್ಸ್ ಅಂತ ಇರುತ್ತೆ, ಪಂದ್ಯ ಕಟ್ತೀನಿ. ಹಳೇ ಅಡಾಪ್ಟರ್‌ಗಳು ಎಚ್‌ಡಿಎಂಐ 1.4 ರವು, ಅದರ ದಾರಿ ಸೆಕೆಂಡಿಗೆ 10.2 ಗಿಗಾಬಿಟ್ ಅಗಲ, 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗೋದು. 60 ಬೇಕಂದ್ರೆ ಎಚ್‌ಡಿಎಂಐ 2.0, ಅಂದ್ರೆ 18 ಗಿಗಾಬಿಟ್‌ದು ಬೇಕು. ಅಡಾಪ್ಟರ್ ತಗೊಳೋವಾಗ ಬರೀ 4ಕೆ ಅಂತ ಬರ್ದಿದ್ರೆ ನಂಬ್ಬೇಡಿ, 4ಕೆ 60 ಹರ್ಟ್ಸ್ ಅಂತ ಎರಡೂ ಒಟ್ಟಿಗೆ ಬರ್ದಿರ್ಬೇಕು. ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲಾ ಇರೋ ಹಬ್ ಆದ್ರೆ ಇನ್ನೊಂದು ಕಿತಾಪತಿ ಇದೆ, ಟೈಪ್ ಸಿ ಯಲ್ಲಿ ವೇಗದ ದಾರಿ ನಾಲ್ಕು, ಅದ್ರಲ್ಲಿ ಎರಡನ್ನ ಯುಎಸ್‌ಬಿ ಡೇಟಾ ತಗೊಂಡ್ರೆ ಚಿತ್ರಕ್ಕೆ ಉಳಿಯೋದು ಎರಡೇ. ಆಗಲೂ ಎಷ್ಟೋ ಹಬ್‌ಗಳು 30ಕ್ಕೆ ಬಂದು ನಿಲ್ತವೆ.

ಸದ್ಯಕ್ಕೆ ದುಡ್ಡು ಖರ್ಚು ಮಾಡ್ಬೇಡಿ, ಅಡಾಪ್ಟರ್‌ನಲ್ಲಿ ರೆಸಲ್ಯೂಷನ್ 2560 ಗುಣಿಸು 1440ಕ್ಕೆ ಇಳಿಸಿ ನೋಡಿ, 60 ಹರ್ಟ್ಸ್ ಸಿಗ್ಬೋದು. ಅಕ್ಷರ ಸ್ವಲ್ಪ ಮಸುಕಾಗುತ್ತೆ, ಅಷ್ಟು ಸಹಿಸ್ಕೋಬೇಕು.

ಟರ್ಮಿನಲ್_ವಾಸಿ

ತಡವಾಗಿ ಓದಿದೆ, ಆದ್ರೂ ಲಿನಕ್ಸ್‌ನಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತೆ ಅಂತ ಒಂದು ಮಾತು ಬರ್ದಿಡ್ತೀನಿ, ಹುಡ್ಕೊಂಡು ಬರೋರಿಗೆ ಸಿಗ್ಲಿ. ನಂಗೆ ಕರ್ನಲ್, ಅಂದ್ರೆ ಲಿನಕ್ಸ್‌ನ ತಿರುಳಿನ ಭಾಗ, ಅಪ್‌ಡೇಟ್ ಆದ ಮಾರನೇ ದಿನ ಎಚ್‌ಡಿಎಂಐ ಸತ್ತಿತ್ತು, ಲ್ಯಾಪ್‌ಟಾಪ್ ಸ್ಕ್ರೀನ್ ಆರಾಮಾಗಿತ್ತು. ನಾನೂ ಕೇಬಲ್ ಮೇಲೇ ಅನುಮಾನ ಪಟ್ಟು ಹೊಸದು ತರ್ಸಿದ್ದೂ ಆಯ್ತು. ಆಗಿದ್ದೇನಂದ್ರೆ ದೊಡ್ಡ ಚಿಪ್‌ನ ಡ್ರೈವರ್ ಮಾಡ್ಯೂಲು ಹೊಸ ಕರ್ನಲ್‌ಗೆ ಮತ್ತೆ ಕಂಪೈಲ್ ಆಗ್ಬೇಕಿತ್ತು, ಕಂಪೈಲ್ ಮಾಡೋಕೆ ಬೇಕಾದ ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದೆ ಅದು ಆಗಿರ್ಲಿಲ್ಲ. ಹೆಡರ್ ಹಾಕಿ ಡ್ರೈವರ್ ಪ್ಯಾಕೇಜ್ ಇನ್ನೊಂದ್ಸಲ ಇನ್‌ಸ್ಟಾಲ್ ಮಾಡಿ ರೀಬೂಟ್ ಕೊಟ್ರೆ ಬಂತು. ಸೆಕ್ಯೂರ್ ಬೂಟ್ (ಸಹಿ ಇರೋ ಸಾಫ್ಟ್‌ವೇರ್ ಮಾತ್ರ ಶುರುವಾಗೋಕೆ ಬಿಡೋ ಭದ್ರತೆ) ಆನ್ ಇದ್ರೆ ಇನ್ನೊಂದು ಗುಂಡಿ ಇದೆ, ಮಾಡ್ಯೂಲ್‌ಗೆ ಸಹಿ ಇಲ್ಲ ಅಂದ್ರೆ ಕರ್ನಲ್ ಅದನ್ನ ಒಳಗೇ ಬಿಡಲ್ಲ. ತುರ್ತು ಕೆಲ್ಸ ಇದ್ರೆ ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸ್ಕೊಂಡು ಹೋಗಿ, ಅಲ್ಲಿ ಎಚ್‌ಡಿಎಂಐ ನಡೆದ್ರೆ ಕಾರಣ ಇದೇ ಅಂತ ಆಗ್ಲೇ ಗೊತ್ತಾಗುತ್ತೆ.

ಟೈಪ್‌ಸಿ_ಗೊಂದಲ

ಮಾನಿಟರ್ ಡಬ್ಬಿ ಅಟ್ಟದ ಮೇಲಿತ್ತು, ಇಳಿಸಿ ನೋಡಿದ್ರೆ ಕೇಬಲ್ ಬಿಚ್ಚೇ ಇಲ್ಲ, ಕವರ್ ಸಮೇತ ಹಾಗೇ ಇದೆ. ಹಾಕ್ದೆ, ಬಂತು. ಒಂದು ವರ್ಷದಿಂದ ಸುಮ್ನೆ ಚಾರ್ಜರ್ ಥರ ಉಪಯೋಗಿಸ್ತಿದ್ದೆ ಈ ಮಾನಿಟರನ್ನ.

ಅರ್ಧಸ್ಕ್ರೀನ್

ವೈರ್‌ಬುಟ್ಟಿ ಅವರೇ ಪಂದ್ಯ ಗೆದ್ರಿ, 30 ಹರ್ಟ್ಸೇ ಇತ್ತು. ಎಚ್‌ಡಿಎಂಐನಲ್ಲಿ 60. ಫ್ಯಾನ್ ತಿರುಗಿದ್ರೆ ತಿರುಗ್ಲಿ ಅಂತ ಎಚ್‌ಡಿಎಂಐನಲ್ಲೇ ಇದೀನಿ, ಎಕ್ಸ್‌ಪೋರ್ಟ್ ಕೂಡ ಮೊದಲಿನ ಸ್ಪೀಡ್‌ಗೆ ಬಂದಿದೆ. ಕೀಬೋರ್ಡ್ ಹತ್ರ ಒಂದು ಚೀಟಿ ಅಂಟಿಸಿದೀನಿ, ಮಾನಿಟರ್ ಬರ್ಲಿಲ್ಲ ಅಂದ್ರೆ ಮೊದ್ಲು ಎಲೆ ನೋಡು ಅಂತ. ತಂಗಿ ಅದನ್ನ ಓದಿ ಯಾವ ಎಲೆ ಅಂತ ಕೇಳ್ತಿದಾಳೆ, ಹೇಳಿಲ್ಲ ಇನ್ನೂ, ಅವಳ ಅಡಾಪ್ಟರ್ ವಾಪಸ್ ಕೊಡೋವಾಗ ಹೇಳ್ಬೇಕು.